ಬರ್ಮಾ ತೇಗದ ಹೊಸ ಆರ್ಡರ್ ನಿಲ್ಲಿಸಿರುವ ಬಗ್ಗೆ

ಮಾನ್ಯ ಗ್ರಾಹಕರೇ,

ಈ ತಿಂಗಳಿನಿಂದ ನಮ್ಮ ಸಂಘವು ಬರ್ಮಾ ತೇಗದ ಬಾಗಿಲು, ದಾರಂದಗಳಿಗೆ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಮುಂಗಡ ಕೊಟ್ಟವರ ಕೆಲಸವನ್ನು ಕೈಯಲ್ಲಿರುವ ಮರದಲ್ಲೇ ಮುಗಿಸಿ ಕೊಡುತ್ತೇವೆ.

ಮರದಲ್ಲಿ ದೋಷವೇನೂ ಇಲ್ಲ. ಗಂಟಿಲ್ಲದ ಉದ್ದನೆಯ ಹಲಗೆ, ನೇರ ಎಳೆ, ಉಜ್ಜುಗೊರಡು ಹಿಡಿದರೆ ಕೈಗೆ ಜಿಡ್ಡು ತಾಗುವಷ್ಟು ಎಣ್ಣೆಯಂಶ. ನಮ್ಮ ಬಡಗಿಗಳಿಗೆ ಅದನ್ನು ಬಿಡಲು ಮನಸ್ಸೇ ಇರಲಿಲ್ಲ. ತಕರಾರು ಇರುವುದು ಹಣ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ. ಮ್ಯಾನ್ಮಾರ್‌ನಲ್ಲಿ (ಹಿಂದಿನ ಬರ್ಮಾ) ತೇಗ ಮಾರುವ ಹಕ್ಕು ಇರುವುದು ಮ್ಯಾನ್ಮಾ ಟಿಂಬರ್ ಎಂಟರ್‌ಪ್ರೈಸ್ ಎಂಬ ಸರ್ಕಾರಿ ಕಂಪನಿಗೆ. 2021ರ ಫೆಬ್ರುವರಿ 1ರಂದು ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿದ ಮೇಲೆ ಆ ಕಂಪನಿಯೂ ಸೇನೆಯ ಹಿಡಿತಕ್ಕೆ ಬಂತು. ಪ್ರತಿಭಟಿಸಿದವರಿಗೆ ಗುಂಡಿಕ್ಕಿದ, ಹಳ್ಳಿಗಳಿಗೆ ಬೆಂಕಿ ಇಟ್ಟ ಸೇನೆ ಅದು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕ, ಜೂನ್‌ನಲ್ಲಿ ಐರೋಪ್ಯ ಒಕ್ಕೂಟ ಈ ಕಂಪನಿಯ ಮೇಲೆ ನಿರ್ಬಂಧ ಹೇರಿದವು. ಭಾರತ ಹೇರಿಲ್ಲ, ಹಾಗಾಗಿ ಇಲ್ಲಿ ಕೊಳ್ಳುವುದು ಅಪರಾಧವಲ್ಲ. ವ್ಯಾಪಾರಿಗಳನ್ನು ಕೇಳಿದರೆ ‘ದಂಗೆಗೆ ಮೊದಲೇ ಕಡಿದ ಹಳೆಯ ದಾಸ್ತಾನು’ ಎನ್ನುತ್ತಾರೆ. ಇಷ್ಟು ವರ್ಷವಾದರೂ ಮುಗಿಯದ ಆ ದಾಸ್ತಾನು ಅಕ್ಷಯಪಾತ್ರೆಯೇ ಇರಬೇಕು!

ಆಮದು ನಿಷೇಧದಿಂದ ಬಡವರ ಹೊಟ್ಟೆಯ ಮೇಲೇ ಹೊಡೆತ ಎಂದು ಸಂಘದ ಸಭೆಯಲ್ಲಿ ಆಕ್ಷೇಪ ಬಂತು. ಅದು ಸುಳ್ಳಲ್ಲ. 2003ರಲ್ಲಿ ಅಮೆರಿಕ ಬರ್ಮಾದ ಸಕಲ ಸರಕನ್ನೂ ನಿಷೇಧಿಸಿದಾಗ ಅಲ್ಲಿನ ಉಡುಪು ಕಾರ್ಖಾನೆಗಳು ಮುಚ್ಚಿ, ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಸಾವಿರಾರು ಹೆಣ್ಣುಮಕ್ಕಳು ಬೀದಿಗೆ ಬಿದ್ದರು; ಸೇನಾಧಿಕಾರಿಗಳು ಜಗ್ಗಲಿಲ್ಲ. ಆದರೆ ತೇಗದ ಲೆಕ್ಕ ಬೇರೆ. ಅದರ ಹಣ ನೇರವಾಗಿ ಸೇನೆಯ ಆಳ್ವಿಕೆಯ ಬೊಕ್ಕಸಕ್ಕೇ ಹೋಗುತ್ತದೆ. ಒಂದು ಸಣ್ಣ ಸಂಘ ಕೊಳ್ಳದಿದ್ದರೆ ಅವರಿಗೆ ಏನೂ ಆಗದು, ಅದು ನಮಗೂ ಗೊತ್ತು. ಸರ್ಕಾರವೇ ನಿಷೇಧಿಸಬೇಕೆಂಬುದು ನಮ್ಮ ಅಭಿಪ್ರಾಯ. ಭಾರತೀಯರನ್ನು ಕೀಳಾಗಿ ಕಂಡ ದಕ್ಷಿಣ ಆಫ್ರಿಕಾದೊಂದಿಗಿನ ವ್ಯಾಪಾರವನ್ನು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ಎಲ್ಲರಿಗಿಂತ ಮುಂಚೆ ಕಡಿದುಕೊಂಡ ದೇಶ ನಮ್ಮದು. ಅದು ಮತ್ತೆ ಶುರುವಾದದ್ದು 1993ರಲ್ಲಿ.

ಇನ್ನು ಮುಂದೆ ಅರಣ್ಯ ಇಲಾಖೆಯ ಡಿಪೊ ಹರಾಜಿನಲ್ಲಿ ಕೊಂಡ ದಾಂಡೇಲಿ ತೇಗ ಬಳಸುತ್ತೇವೆ. ಬಣ್ಣ ತುಸು ಗಾಢ, ನಡುವೆ ಕಪ್ಪು ಗೆರೆಗಳು, ಅಲ್ಲಲ್ಲಿ ಸಣ್ಣ ಗಂಟು. ಪಾಲಿಶ್ ಆದ ಮೇಲೆ ಆ ಗೆರೆಗಳೇ ಚೆಂದ ಎನ್ನುವವರಿದ್ದಾರೆ. ಘನ ಅಡಿಯ ದರ ಹರಾಜಿನಿಂದ ಹರಾಜಿಗೆ ಬದಲಾಗುವುದರಿಂದ ಮರ ತೋರಿಸಿಯೇ ಬೆಲೆ ಬರೆದು ಕೊಡುತ್ತೇವೆ. ಹಳೆಯ ಮನೆ ಕೆಡವಿದಾಗ ಸಿಕ್ಕ ಬರ್ಮಾ ತೇಗದ ತೊಲೆ, ಕಂಬಗಳನ್ನು ತಂದರೆ ಕೊಯ್ದು ಕೊಡಲು ಅಡ್ಡಿಯಿಲ್ಲ.

ಮರ ಒಣಗಲು ಸಮಯ ಬೇಕು. ದಾರಂದ ನಿಲ್ಲಿಸುವ ಮುಹೂರ್ತ ಇಟ್ಟುಕೊಂಡವರು ದಯವಿಟ್ಟು ಮೂರು ತಿಂಗಳು ಮೊದಲೇ ತಿಳಿಸಿ.

ಇಂತಿ,
ಕಾರ್ಯದರ್ಶಿ
ಬಡಗಿಗಳ ಸಹಕಾರ ಸಂಘ