ಗೋಡೆ ಒಡೆಯುವ ಮುಂಚೆ ತಡೆದ ನಿಮಗೆ

ಮನೆಯ ಒಂದು ಗೋಡೆ ಒಡೆಸೋ ಬಗ್ಗೆ ನಾವು ಕೇಳಿದ್ದಕ್ಕೆ, ಹೆಸರು ಹೇಳದೆ, ಅಷ್ಟು ತಾಳ್ಮೆಯಿಂದ ಉತ್ತರ ಕೊಟ್ಟ ನಿಮಗೆ ತುಂಬಾ ಥ್ಯಾಂಕ್ಸ್. ಹೊಸ ಮನೆಯ ಹಾಲ್ ದೊಡ್ಡದಾಗಲಿ ಅಂತ ಅಡುಗೆಮನೆ ಕಡೆಯ ಗೋಡೆಯನ್ನು ಪೂರ್ತಿ ತೆಗೆಸಲು ಹೊರಟಿದ್ದೆವು. ತಟ್ಟಿ ನೋಡಿ, ಇದು ಸುಮ್ನೆ ಅಡ್ಡಗೋಡೆ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು. ನೀವು ಕೇಳಿದ ಮೊದಲ ಪ್ರಶ್ನೆಯೇ ನಮ್ಮನ್ನು ನಿಲ್ಲಿಸಿತು: ಅದರ ನೇರ ಮೇಲೆ, ಮಹಡಿಯಲ್ಲಿ ಏನಿದೆ? ಹೋಗಿ ನೋಡಿದರೆ ಅಲ್ಲೂ ಗೋಡೆ. ಅಳೆದರೆ 9 ಇಂಚು ದಪ್ಪ. ದಪ್ಪ ಒಂದನ್ನೇ ನೋಡಿ ಹೇಳೋಕೆ ಆಗಲ್ಲ, ತೆಳು ಗೋಡೆಯೂ ಕೆಲವೊಮ್ಮೆ ಭಾರ ಹೊತ್ತಿರುತ್ತದೆ, ಮನೆಯ ನಕ್ಷೆ ಹಿಡಿದುಕೊಂಡು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ, ಅವರು ನೋಡುವ ತನಕ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ ಅಂತ ನೀವು ಹೇಳಿದ್ದು ಎಷ್ಟು ಒಳ್ಳೆಯದಾಯಿತು! ಛಾವಣಿಯ ಭಾರ ಈ ಗೋಡೆಯ ಮೇಲೇ ಇದೆ ಅಂದರು ಎಂಜಿನಿಯರ್. ಈಗ ಎರಡೂ ತುದಿಯಲ್ಲಿ ಗೋಡೆ ಉಳಿಸಿ, ನಡುವೆ ಅಗಲವಾಗಿ ತೆರೆದು, ಮೇಲೆ ಸ್ಟೀಲ್ ಬೀಮ್ ಕೂರಿಸುವುದು ಅಂತ ಆಗಿದೆ. ಬೀಮ್ ಕೂರುವ ತನಕ ಗೋಡೆಯ ಎರಡೂ ಕಡೆ ಜಾಕ್, ಅಂದರೆ ಮೇಲಿನ ಭಾರ ಹೊರುವ ತಾತ್ಕಾಲಿಕ ಕಂಬ, ಕೊಟ್ಟಿರಬೇಕು. ಬೀಮ್ ತುದಿಗಳ ಕೆಳಗಿನ ಅಡಿಪಾಯ ಆ ಭಾರ ತಡೆಯುತ್ತದಾ ಅನ್ನೋದನ್ನೂ ನೀವೇ ನೆನಪಿಸಿದ್ದು, ಅದು ನಮಗೆ ಹೊಳೆದೇ ಇರಲಿಲ್ಲ. ಆ ಗೋಡೆಯ ಮೇಲಿನ ರೂಮಿನಲ್ಲಿ ನಮ್ಮ ಮಕ್ಕಳು ಮಲಗುತ್ತಾರೆ. ಇದು ನಿಮಗೆ ಗೊತ್ತಾಗಲೇಬೇಕು ಅನ್ನಿಸಿತು.