ಡ್ರೈವರ್‌ಗೆ ಬೈಯುವ ಮೊದ್ಲು ಅವನ ಟೈಮ್ ಶೀಟ್ ನೋಡು ಮಾರಾಯ

ಪ್ರೀತಿಯ ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಅಮ್ಮ ಇಳಿಯುವ ಮೊದ್ಲೇ ಬಸ್ಸು ಬಿಟ್ರು, ಒಂದು ಕಾಲು ಫುಟ್‌ಬೋರ್ಡಲ್ಲಿ ಒಂದು ಕಾಲು ರೋಡಲ್ಲಿ, ಪಕ್ಕದವರು ಕೈ ಹಿಡಿದದ್ದಕ್ಕೆ ಉಳಿದ್ರು ಅಂತ ಕೇಳಿ ನಂಗೂ ಕೈಕಾಲು ತಣ್ಣಗಾಯ್ತು. ಅದಕ್ಕೆ ಯಾವ ಸಬೂಬೂ ಇಲ್ಲ. ಆದ್ರೆ ಕೊನೆಗೆ "ಈ ಊರಿನ ಡ್ರೈವರ್‌ಗಳಿಗೆ ಮನುಷ್ಯತ್ವವೇ ಇಲ್ಲ" ಅಂದಿಯಲ್ಲ, ಅಲ್ಲಿ ನಂಗೆ ಒಪ್ಪಿಗೆ ಆಗ್ಲಿಲ್ಲ. ಫೋನಲ್ಲಿ ಹೇಳಿದ್ರೆ ನಾವಿಬ್ರೂ ಜಗಳ ಮಾಡ್ಕೊಳ್ತೇವೆ, ಅದಕ್ಕೆ ಬರೀತಿದ್ದೇನೆ.

ಈ ಮಂಗಳೂರಲ್ಲಿ ನಾನು ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಅದೇ ಬಸ್ಸುಗಳಲ್ಲಿ ಹೋಗುದು. ನಮ್ಮ ಮನೆ ಹತ್ರ ಒಬ್ರು ಅಣ್ಣ ಇದ್ದಾರೆ, ಸಿಟಿ ಬಸ್ಸಲ್ಲಿ ಕ್ಲೀನರ್ ಆಗಿ ಶುರು ಮಾಡಿ ಕಂಡಕ್ಟರ್ ಆಗಿ ಈಗ ಡ್ರೈವರ್. ಅವ್ರ ಹತ್ರ ಕೂತು ಮಾತಾಡಿದ ಮೇಲೆ ನಂಗೆ ಅರ್ಥ ಆದದ್ದು ಏನಂದ್ರೆ, ನಾವು ಬಸ್ಸಿನೊಳಗೆ ಕೂತು ನೋಡುವ ಆ ಅರ್ಜೆಂಟ್ ಇದೆಯಲ್ಲ, ಅದು ಡ್ರೈವರ್ ಸೀಟಲ್ಲಿ ಹುಟ್ಟುದಲ್ಲ, ಪರ್ಮಿಟ್ ಕಾಗದದಲ್ಲಿ ಹುಟ್ಟುದು.

ಹೇಗೆ ಅಂತ ಹೇಳ್ತೇನೆ. ನಮ್ಮ ಸಿಟಿಯಲ್ಲಿ ಹೆಚ್ಚಿನದ್ದು ಪ್ರೈವೇಟ್ ಬಸ್ಸೇ, ನಿಂಗೆ ಗೊತ್ತುಂಟು. ಒಂದೇ ರೂಟಲ್ಲಿ ನಾಲ್ಕೈದು ಓನರ್‌ಗಳ ಬಸ್ಸು, ಒಂದರ ಹಿಂದೆ ಒಂದು, ಕೆಲವು ಕಡೆ ಎರಡು-ಮೂರು ನಿಮಿಷದ ಗ್ಯಾಪ್ ಅಷ್ಟೇ. ಪ್ರತಿ ಬಸ್ಸಿಗೂ ಟೈಮ್ ಫಿಕ್ಸ್ ಆಗಿರ್ತದೆ, ಇಷ್ಟಕ್ಕೆ ಹೊರಡ್ಬೇಕು, ಇಷ್ಟಕ್ಕೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ಮುಟ್ಬೇಕು. ಆ ಟೈಮ್ ಹಾಕಿದಾಗ ರೋಡಲ್ಲಿ ಇಷ್ಟು ಕಾರು ಬೈಕು ಇರ್ಲಿಲ್ಲ. ಈಗ ಬೆಳಿಗ್ಗೆ ಒಂಬತ್ತಕ್ಕೆ ಕೂಳೂರು ಸಂಕ (ಸೇತುವೆ) ದಾಟ್ಲಿಕ್ಕೆ ಎಷ್ಟು ಹೊತ್ತು ಬೇಕು ಹೇಳು, ಆಮೇಲೆ ಕೊಟ್ಟಾರ ಚೌಕಿ, ಲಾಲ್‌ಬಾಗ್, ಪಿವಿಎಸ್, ಜೂನ್ ಜುಲೈಯಲ್ಲಿ ಮಳೆ ಬಂದು ಹೊಂಡ ಬಿದ್ರೆ ಕೇಳುದೇ ಬೇಡ. ಕಾಗದದಲ್ಲಿ ನಿಮಿಷ ಹೆಚ್ಚಾಗ್ಲಿಲ್ಲ. ಎರಡು ನಿಮಿಷ ತಡ ಆದ್ರೆ ಹಿಂದಿನ ಬಸ್ಸಿನವ ಬಂದು ಜನ ಹತ್ತಿಸ್ಕೊಂಡು ಹೋಗ್ತಾನೆ, ಸ್ಟೇಟ್ ಬ್ಯಾಂಕಲ್ಲಿ ಜಗಳ, ಓನರ್‌ಗೆ ಫೋನ್, "ಕಲೆಕ್ಷನ್ ಯಾಕೆ ಕಮ್ಮಿ" ಅಂತ ಸಂಜೆ ವಿಚಾರಣೆ. ಆ ಅಣ್ಣನಿಗೆ ತಿಂಗಳ ಸಂಬಳ ಅಂತ ಇಲ್ಲ, ದಿನದ ಲೆಕ್ಕ, ಅದರ ಮೇಲೆ ಕಲೆಕ್ಷನ್ ನೋಡಿ ಭತ್ಯೆ. ಡ್ಯೂಟಿಗೆ ಹೋಗದ ದಿನ ಸೊನ್ನೆ. ಅಂದ್ರೆ ಸ್ಟಾಪಲ್ಲಿ ನಿಂತ ಹತ್ತು ಜನ ಅವರ ಕಣ್ಣಿಗೆ ಬರೇ ಹತ್ತು ಜನ ಅಲ್ಲ, ಮನೆಯ ಮೀನು-ತರಕಾರಿ, ಮಗಳ ಫೀಸು. ಹಾಗಿರುವಾಗ ಅಮ್ಮನ ಹಾಗೆ ನಿಧಾನಕ್ಕೆ ಇಳಿಯುವವರಿಗೆ ಬೇಕಾದ ಐದು ಸೆಕೆಂಡು ಯಾವ ಲೆಕ್ಕದಿಂದ ಬರ್ಬೇಕು? ನಂಗೆ ಸಿಟ್ಟು ಬರುದು ಇಲ್ಲಿ. ಆ ಐದು ಸೆಕೆಂಡು ಯಾರೂ ಟೈಮ್ ಶೀಟಲ್ಲಿ ಇಡ್ಲೇ ಇಲ್ಲ.

ಕಾನೂನು ಇಲ್ವಾ ಅಂದ್ರೆ, 2025ರ ನವೆಂಬರಲ್ಲಿ ಹೊಸ ಲೇಬರ್ ಕೋಡ್ ಬರುವವರೆಗೆ ಹಳೇ ಕಾನೂನೇ ಇತ್ತು. 1961ರ ಮೋಟಾರ್ ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಆಕ್ಟ್‌ನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 5 ಗಂಟೆ ಆಗುವಷ್ಟರಲ್ಲಿ ಕಮ್ಮಿ ಅಂದ್ರೆ ಅರ್ಧ ಗಂಟೆ ರೆಸ್ಟ್, ವಾರಕ್ಕೊಂದು ರಜೆ ಅಂತ ಬರೆದಿದ್ರು. ಆದ್ರೆ ಅದು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸದವರು ಇರುವ ಕಡೆಗೆ ಮಾತ್ರ ಇತ್ತು. ಒಂದು ಬಸ್ಸು ಇಟ್ಕೊಂಡ ಓನರ್ ಹತ್ರ ಡ್ರೈವರ್, ಕಂಡಕ್ಟರ್, ಬದಲಿಗೆ ಬರುವವ ಅಂತ ಸೇರಿಸಿದ್ರೂ ಐದು ಆಗ್ತಿರ್ಲಿಲ್ಲ. ನಮ್ಮ ಅಣ್ಣ ಕತ್ತಲೆ ಇರುವಾಗ ಮನೆ ಬಿಡ್ತಾರೆ, ರಾತ್ರಿ ಊಟದ ಹೊತ್ತಿಗೆ ಬರ್ತಾರೆ. ಮಧ್ಯದಲ್ಲಿ ರೆಸ್ಟ್ ಅಂದ್ರೆ ಟ್ರಿಪ್ ತಿರುಗಿಸುವ ಗ್ಯಾಪು, ಟೈಮ್ ಕಟ್ಟಾದ್ರೆ ಅದೂ ಇಲ್ಲ, ಅರ್ಧ ಚಾ ಕುಡಿದು ಗ್ಲಾಸು ಅಲ್ಲೇ ಇಟ್ಟು ಓಡುದು.

ಮೂತ್ರದ ಕಷ್ಟ ಯಾರೂ ಮಾತಾಡುದಿಲ್ಲ, ನಾನು ಬರೀತೇನೆ. ನೀರು ಕುಡಿದ್ರೆ ಮಧ್ಯದಲ್ಲಿ ನಿಲ್ಲಿಸ್ಲಿಕ್ಕೆ ಆಗುದಿಲ್ಲ ಅಂತ ಅವ್ರು ನೀರೇ ಕಮ್ಮಿ ಕುಡಿಯುದು, ಏಪ್ರಿಲ್ ತಿಂಗಳ ನಮ್ಮೂರ ಸೆಕೆಯಲ್ಲಿ, ಎಡಗಾಲಿನ ಹತ್ರ ಇಂಜಿನ್ ಕಾಯ್ತಾ ಇರುವಾಗ! ಕಿಡ್ನಿ ಕಲ್ಲಾಗಿ ಒಮ್ಮೆ ಅಡ್ಮಿಟ್ ಆಗಿದ್ರು. ಸೊಂಟನೋವು ಅಂತೂ ಖಾಯಂ.

ಇನ್ನು ಟ್ಯಾಕ್ಸಿಯವರದ್ದು ಬೇರೆ ತರದ ಉರಿ. ನೀನು ಏರ್‌ಪೋರ್ಟಿಂದ ಬುಕ್ ಮಾಡಿದಾಗ "ಡ್ರಾಪ್ ಎಲ್ಲಿ, ಕ್ಯಾಶಾ ಆನ್‌ಲೈನಾ" ಕೇಳಿ ಕ್ಯಾನ್ಸಲ್ ಮಾಡಿದ್ದಕ್ಕೂ ಬೈದಿದ್ದಿ. ಕ್ಯಾನ್ಸಲ್ ಮಾಡುದು ತಪ್ಪೇ, ರಾತ್ರಿ ಹೊತ್ತು ಸಾಮಾನು ಹಿಡ್ಕೊಂಡು ನಿಂತವರಿಗೆ ಅದು ದೊಡ್ಡ ಅನ್ಯಾಯ. ಆದ್ರೆ ಏರ್‌ಪೋರ್ಟ್ ಇರುವ ಕೆಂಜಾರಿಂದ ನಿನ್ನನ್ನು ಮುಲ್ಕಿ ಕಡೆ ಬಿಟ್ಟು ಖಾಲಿ ತಿರುಗಿ ಬರುವ ಡೀಸೆಲ್ ಯಾರೂ ಕೊಡುದಿಲ್ಲ. ಕಾರಿನ ಲೋನ್ ಕಂತು ಅವನದ್ದು, ಇನ್ಶೂರೆನ್ಸ್, ಟೈರ್ ಅವನದ್ದು, ರೇಟ್ ಮಾತ್ರ ಆ್ಯಪ್‌ನವರದ್ದು. 2020ರಲ್ಲಿ ಕೇಂದ್ರ ಸರ್ಕಾರ ಮಾಡಿದ ಗೈಡ್‌ಲೈನ್ಸಲ್ಲಿ ಡ್ರೈವರ್‌ನ ಸ್ವಂತ ಕಾರಾದ್ರೆ ಬಾಡಿಗೆಯ ಕಮ್ಮಿ ಅಂದ್ರೆ 80 ಶೇಕಡಾ ಅವನಿಗೆ ಸೇರ್ಬೇಕು, ದಿನಕ್ಕೆ 12 ಗಂಟೆಗಿಂತ ಹೆಚ್ಚು ಲಾಗಿನ್ ಇರ್ಬಾರ್ದು ಅಂತ ಬಂತು. ಆದ್ರೆ ಬೆಳಗ್ಗಿನ ಟ್ರೈನ್ ಟೈಮಿಗೆ ಸೆಂಟ್ರಲ್ ಸ್ಟೇಷನ್ ಹತ್ರ ನೋಡು, ಸೀಟು ಹಿಂದೆ ಮಾಡಿ ಕಾರಲ್ಲೇ ಮಲಗಿದವರು ಎಷ್ಟು ಜನ ಅಂತ. ಹಾಗೆ ನಿದ್ದೆ ಮಾಡಿದವರ ಕೈಯಲ್ಲೇ ನಾವು ಪಡೀಲ್ ಕಡೆಗೋ ಉಡುಪಿಗೋ ಹೋಗುದು. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ವರ್ಕರ್‌ಗಳಿಗೆ, ಅಂದ್ರೆ ಹೀಗೆ ಆ್ಯಪ್ ಮೂಲಕ ಕೆಲಸ ಮಾಡುವವರಿಗೆ ಅಂತ ಒಂದು ಕಾನೂನು ಬಂತು, ಪ್ರತಿ ಟ್ರಿಪ್ಪಿನ ಮೇಲೆ ಕಂಪನಿಯಿಂದ ವೆಲ್‌ಫೇರ್ ಫೀ ತಗೊಂಡು ಅವರಿಗೆ ಸೋಶಿಯಲ್ ಸೆಕ್ಯೂರಿಟಿ ಕೊಡುವ ಲೆಕ್ಕ. ಒಳ್ಳೆ ಕೆಲಸ, ಅದು ಕೈಗೆ ಸಿಗುವಷ್ಟು ಆಗ್ಬೇಕು.

ಇಷ್ಟೆಲ್ಲ ಹೇಳಿದೆ ಅಂತ ನಾನು ಕರ್ಕಶ ಹಾರ್ನ್‌ಗೆ ಸಪೋರ್ಟ್ ಮಾಡ್ತಿದ್ದೇನೆ ಅಂತ ತಿಳ್ಕೊಳ್ಬೇಡ. ನಂತೂರಲ್ಲಿ ಅಡ್ಡಡ್ಡ ನುಗ್ಗಿಸುದು, ಸ್ಟಾಪಲ್ಲಿ ಬದಿಗೆ ಬಾರದೆ ರೋಡ್ ಮಧ್ಯದಲ್ಲೇ ನಿಲ್ಲಿಸುದು, ಒಂದು ಕೈಯಲ್ಲಿ ಮೊಬೈಲು, ಶಾಲೆ ಮಕ್ಕಳು ಕೈ ಅಡ್ಡ ಹಿಡಿದ್ರೆ ನಿಲ್ಲಿಸದೆ ಹೋಗುದು, ಇದಕ್ಕೆಲ್ಲ ಫೈನ್ ಹಾಕ್ಲೇಬೇಕು. ಕಂಡಕ್ಟರ್‌ಗಳು ತುಳುವಲ್ಲಿ "ಪಿರ ಪೋಲೆ ಪಿರ ಪೋಲೆ" (ಹಿಂದೆ ಹೋಗಿ) ಅಂತ ವಯಸ್ಸಾದವರನ್ನು ದೂಡುದೂ ನಂಗೆ ಆಗುದಿಲ್ಲ. ಆದ್ರೆ ಫೈನ್ ಹಾಕಿದ್ರೂ ನಾಳೆ ಅದೇ ನಿಮಿಷದೊಳಗೆ ಅದೇ ಬಸ್ಸು ಸ್ಟೇಟ್ ಬ್ಯಾಂಕ್ ಮುಟ್ಬೇಕಲ್ಲ? ಬರೇ ಡ್ರೈವರ್‌ನ ಜೇಬಿಗೆ ಕೈ ಹಾಕಿದ್ರೆ ಅವ ಆ ದುಡ್ಡು ತಿರುಗಿ ಮಾಡ್ಲಿಕ್ಕೆ ಇನ್ನೂ ಜೋರು ಬಿಡ್ತಾನೆ.

ಮನುಷ್ಯತ್ವ ಇಲ್ಲ ಅಂದಿಯಲ್ಲ, 2024ರಲ್ಲಿ ನಮ್ಮ ಸಿಟಿ ಬಸ್ಸಲ್ಲೇ ಒಬ್ಬಳು ಸ್ಟೂಡೆಂಟ್‌ಗೆ ದಾರಿಯಲ್ಲಿ ಹುಷಾರು ತಪ್ಪಿದಾಗ ಡ್ರೈವರು ರೂಟು, ಟೈಮು, ಕಲೆಕ್ಷನ್ ಎಲ್ಲ ಬಿಟ್ಟು ಜನ ತುಂಬಿದ ಬಸ್ಸನ್ನು ಸೀದಾ ಕಂಕನಾಡಿಯ ಆಸ್ಪತ್ರೆಗೆ ತಗೊಂಡು ಹೋದ್ರು, ಹುಡುಗಿ ಉಳಿದ್ಳು. ಬಸ್ಸಲ್ಲಿದ್ದವರು ಯಾರೂ ತಡ ಆಯ್ತು ಅಂತ ಹೇಳ್ಲಿಲ್ಲವಂತೆ. ಆ ಡ್ರೈವರೂ ನಾಳೆ ಬೆಳಿಗ್ಗೆ ಟೈಮ್ ಕಟ್ಟಾಗ್ತದೆ ಅಂತ ಹಾರ್ನ್ ಹಾಕ್ತಾ ಬರುವವರೇ.

ಈಗ ವಿಷಯಕ್ಕೆ ಬರ್ತೇನೆ. ನಾವು ಕೆಲವರು ದಿನಾ ಬಸ್ಸಲ್ಲಿ ಹೋಗುವವರು ಸೇರಿ ಡಿಸಿಯವರಿಗೆ ಒಂದು ಮನವಿ ಕೊಡುದು ಅಂತ ಮಾಡಿದ್ದೇವೆ, ಬಸ್ಸಿಗೆ ಪರ್ಮಿಟ್ ಕೊಡುವ ಆರ್‌ಟಿಎಗೆ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ) ಅವರೇ ಅಧ್ಯಕ್ಷರು. ಈಗಿನ ಟ್ರಾಫಿಕ್ ನೋಡಿ ರನ್ನಿಂಗ್ ಟೈಮ್ ಹೊಸತಾಗಿ ಹಾಕ್ಬೇಕು, ಸಿಬ್ಬಂದಿಗೆ ತಿಂಗಳ ಸಂಬಳ ಮತ್ತು ಪಿಎಫ್ ಇರ್ಬೇಕು, ಟ್ರಿಪ್ ಮುಗಿಯುವ ಎರಡೂ ಕಡೆ ಕ್ಲೀನ್ ಟಾಯ್ಲೆಟ್ ಬೇಕು, ಬಾಗಿಲು ಹಾಕದೆ ಬಸ್ಸು ಬಿಡ್ಬಾರ್ದು. ಅಮ್ಮನಿಗೆ ಆದದ್ದನ್ನೂ ಅದರಲ್ಲಿ ಸೇರಿಸ್ಬೇಕು ಅಂತ ನಂಗೆ ಆಸೆ, ಅವ್ರು ಒಪ್ಪಿದ್ರೆ ಮಾತ್ರ. ಯಾವ ಸ್ಟಾಪು, ಎಷ್ಟು ಗಂಟೆ, ಬಸ್ಸಿನ ನಂಬರ್ ನೆನಪಿದ್ರೆ ಅದು, ಕೇಳಿ ಕಳಿಸು. ನೀನು ಆಫೀಸ್ ಭಾಷೆಯಲ್ಲಿ ಚಂದ ಬರೀತಿ, ಡ್ರಾಫ್ಟ್ ಇವತ್ತು ರಾತ್ರಿ ವಾಟ್ಸಾಪ್ ಮಾಡ್ತೇನೆ, ಆದಿತ್ಯವಾರದೊಳಗೆ ತಿದ್ದಿ ಕೊಡು ಮಾರಾಯ.

ಅಮ್ಮನ ಕಾಲುನೋವು ಹೇಗುಂಟು ಅಂತಲೂ ತಿಳಿಸು.

ನಿನ್ನ ದೋಸ್ತ