ಸೂಪರ್‌ಚಾರ್ಜರ್‌ಗೆ ಮೊದಲು ಹೆಡ್ ಕೆಲಸ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಗ್ಯಾರೇಜಿನಲ್ಲಿ, ಇಂಜಿನ್ನಿಗೆ ಒತ್ತಡದಲ್ಲಿ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಕಿಟ್ ಒಂದನ್ನೇ ಕೂರಿಸಿ ಕೊಡುವುದಿಲ್ಲ. ಬೂಸ್ಟ್ (ಅದು ತುಂಬುವ ಗಾಳಿಯ ಒತ್ತಡ) 6 ಪಿಎಸ್‌ಐ ದಾಟುವುದಾದರೆ ಹೆಡ್ (ಸಿಲಿಂಡರಿನ ಮೇಲಿನ, ವಾಲ್ವ್‌ಗಳಿರುವ ಭಾಗ) ಇಳಿಸಿ, ವಾಲ್ವ್ ಸ್ಪ್ರಿಂಗ್, ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ರಿಟೇನರ್, ಲಾಕ್, ಆಯಿಲ್ ಸೀಲ್, ಎಕ್ಸಾಸ್ಟ್ ವಾಲ್ವ್ ಬದಲಿಸಿದ ಮೇಲೆಯೇ ಕಿಟ್. ಅದಕ್ಕಿಂತ ಕಡಿಮೆಯಾದರೆ ವಾಲ್ವ್ ಒಳಗೆ ಬೀಳದಂತೆ ಸಿಲಿಂಡರಿಗೆ ಗಾಳಿ ಕೊಟ್ಟು, ಹೆಡ್ ಇಳಿಸದೆಯೇ ಸ್ಪ್ರಿಂಗ್ ತೆಗೆದು ಅಳೆಯುತ್ತೇವೆ. ಗಟ್ಟಿಯಿದ್ದರೆ ಅದನ್ನೇ ಹಾಕುತ್ತೇವೆ. ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ಮಜೂರಿಯೇ ಇರುತ್ತದೆ. ಬೇಡ ಅನ್ನಿಸಿದರೆ ಹಣ ಪೂರ್ತಿ ವಾಪಸ್. ರೇಸ್ ಸೀಸನ್ ನಡುವೆ ಹೇಳುತ್ತಿದ್ದೇವೆ, ಬೇಸರವಾದರೆ ಕ್ಷಮಿಸಿ.

ರಸ್ತೆಯ ಗಾಡಿಗಳಿಗೆ ಈ ಕೆಲಸ ಮೊದಲೂ ಮಾಡುತ್ತಿರಲಿಲ್ಲ, ಈಗಲೂ ಮಾಡುವುದಿಲ್ಲ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ ಕಲಂ 52ರ ವಿಷಯ ನಿಮಗೆ ಗೊತ್ತೇ ಇದೆ.

ಈಗ ಎಲ್ಲರೂ ಕೇಳುವ ಮಾತಿಗೆ ಬರೋಣ. "ಬೆಂಗಳೂರಿನಲ್ಲಿ ಹೆಡ್ ಮುಟ್ಟದೆ ಕೂರಿಸಿ ಕೊಡ್ತಾರೆ, ನೀವು ಸುಮ್ನೆ ಬಿಲ್ ಏರಿಸ್ತೀರಿ." ಕೂರಿಸಬಹುದು, ನಿಜ. ಇಂಜಿನ್ ಸ್ಟಾರ್ಟೂ ಆಗುತ್ತದೆ, ಮೊದಲ ವಾರ ಹುರುಪಿನಿಂದ ಓಡುತ್ತದೆ ಕೂಡ. ಆದರೆ ಲೆಕ್ಕ ನೋಡಿ. ಗಾಳಿಯನ್ನು ಸಿಲಿಂಡರಿನ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ 32 ಎಂಎಂ ಅಗಲ, ಬೂಸ್ಟ್ 7 ಪಿಎಸ್‌ಐ ಅಂತ ಇಟ್ಟುಕೊಳ್ಳಿ. ಮ್ಯಾನಿಫೋಲ್ಡಿನ (ಹೆಡ್‌ಗೆ ಗಾಳಿ ಒಯ್ಯುವ ಕೊಳವೆಯ) ಗಾಳಿ ವಾಲ್ವಿನ ಬೆನ್ನಿಗೆ ಸುಮಾರು 4 ಕೆಜಿ ಒತ್ತುತ್ತದೆ, ಅದೂ ತೆರೆಯುವ ದಿಕ್ಕಿಗೆ. ಹೊಸತರಲ್ಲಿ 20 ಕೆಜಿ ಹಿಡಿಯುತ್ತಿದ್ದ ಸ್ಪ್ರಿಂಗ್ ಓಡಿ ಓಡಿ 17ಕ್ಕೆ ಇಳಿದಿದ್ದರೆ, ವಾಲ್ವನ್ನು ಸೀಟಿಗೆ (ಅದು ಮುಚ್ಚಿ ಕೂರುವ ಉಂಗುರಕ್ಕೆ) ಒತ್ತಿ ಹಿಡಿಯಲು ಉಳಿಯುವುದು 13. ಆರ್‌ಪಿಎಂ ಏರಿದಾಗ ಅಷ್ಟು ಬಲ ಸಾಲದೆ ಹೋದರೆ ವಾಲ್ವ್ ಸೀಟಿನ ಮೇಲೆ ಕೂರದೆ ಕುಣಿಯುತ್ತದೆ. ಪವರ್ ಅಲ್ಲೇ ಸೋರಿಹೋಗುತ್ತದೆ. ಪಿಸ್ಟನ್ ಬಂದು ಬಡಿದರೆ, ಇಲ್ಲವೇ ಲಾಕ್ ಕಳಚಿ ವಾಲ್ವ್ ಒಳಗೆ ಬಿದ್ದರೆ, ಇಂಜಿನ್ ಕಥೆ ಮುಗಿಯಿತು.

ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಕಷ್ಟ ಬೇರೆ. ಅದು ತನ್ನ ಬಿಸಿಯ ಬಹುಪಾಲನ್ನು ಸೀಟಿಗೆ ದಾಟಿಸುವುದೇ ಮುಚ್ಚಿಕೊಂಡಿರುವಾಗ. ಸರಿಯಾಗಿ ಮುಚ್ಚದಿದ್ದರೆ ಅಂಚು ಸುಡುತ್ತದೆ. ಚಪ್ಪಟೆ ಟ್ರ್ಯಾಕಿನಲ್ಲಾದರೆ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಒಂದಿಷ್ಟು ತಣ್ಣಗಾಗುತ್ತದೆ. ನಮ್ಮ ಮಲೆನಾಡಿನ ತೋಟದ ಏರುಗಳಲ್ಲಿ ಎರಡನೇ ಗೇರಿನಲ್ಲಿ ಎಳೆಯುತ್ತಲೇ ಇರಬೇಕು. ಸೂಪರ್‌ಚಾರ್ಜರ್ ಬೆಲ್ಟಿನಿಂದ ತಿರುಗುವುದು, ಅಷ್ಟೂ ಹೊತ್ತು ಗಾಳಿ ತುಂಬುತ್ತಲೇ ಇರುತ್ತದೆ. ಅದಕ್ಕೇ ಜಾಸ್ತಿ ಬೂಸ್ಟಿಗೆ ಇಂಕೊನೆಲ್ (ಬಿಸಿ ತಡೆಯುವ ನಿಕಲ್ ಮಿಶ್ರಲೋಹ) ವಾಲ್ವ್ ಹೇಳುತ್ತೇವೆ. ಅದೇ ಗುಡ್ಡ ಇಳಿಯುವಾಗ ಥ್ರಾಟಲ್ ಮುಚ್ಚಿದರೆ ಇನ್‌ಟೇಕ್ ಕಡೆ ವ್ಯಾಕ್ಯೂಮ್ ಆಗಿ, ಹಳೆಯ ಸೀಲಿನಿಂದ ಆಯಿಲ್ ಒಳಗೆ ಇಳಿಯುತ್ತದೆ. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ, ಅದರ ಜೊತೆ ನಾಕಿಂಗ್, ಅಂದರೆ ಇಂಧನ ಸರಿಯಾಗಿ ಉರಿಯದೆ ಸಿಲಿಂಡರಿನಲ್ಲಿ ಬರುವ ಬಡಿತ.

"ಹಾಗಾದ್ರೆ ಇರೋದ್ರಲ್ಲೇ ಗಟ್ಟಿ ಸ್ಪ್ರಿಂಗ್ ಹಾಕಿಬಿಡಿ" ಅನ್ನುವವರೂ ಇದ್ದಾರೆ. ಅದೂ ತಪ್ಪು. ಬೇಕಾದ್ದಕ್ಕಿಂತ ಬಿಗಿಯಾದರೆ ವಾಲ್ವನ್ನು ಒತ್ತಿ ತೆರೆಯುವ ಕ್ಯಾಮ್ ಸವೆಯುತ್ತದೆ. ಬೂಸ್ಟ್ ಎಷ್ಟು, ಆರ್‌ಪಿಎಂ ಎಲ್ಲಿಯವರೆಗೆ ಅಂತ ಕೇಳಿಯೇ ನಾವು ಸ್ಪ್ರಿಂಗ್ ತರಿಸುವುದು. ಹತ್ತು ಪ್ರಶ್ನೆ ಕೇಳುತ್ತೇವೆ ಅಂತ ರೇಗಬೇಡಿ.

ಇನ್ನು ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ನಿಮ್ಮ ಬಿಲ್ ಯಾಕೆ ಇಳಿಯಲಿಲ್ಲ ಅಂತ ಕೇಳುತ್ತಾರೆ. ಇಳಿದದ್ದನ್ನು ಇಳಿಸಿಯೇ ಬರೆದಿದ್ದೇವೆ, ಹಳೆಯ ಬಿಲ್ ಪಕ್ಕದಲ್ಲಿಟ್ಟು ನೋಡಿ. ಮಜೂರಿಗೆ ಮೊದಲೂ 18, ಈಗಲೂ 18. ಆ ವಾಲ್ವ್, ಸ್ಪ್ರಿಂಗ್ ಬರುವುದು ಹೊರದೇಶದಿಂದ. ಡಾಲರ್ ಲೆಕ್ಕ, ಕಸ್ಟಮ್ಸ್, ಕೊರಿಯರ್ ಯಾವುದೂ ನಮ್ಮ ಕೈಯಲ್ಲಿಲ್ಲ. ಹೆಡ್ ಇಳಿಸಿದ ಮೇಲೆ ಗ್ಯಾಸ್ಕೆಟ್ ಹೊಸದೇ ಬೇಕು. ಎಷ್ಟೋ ಇಂಜಿನ್‌ಗಳಲ್ಲಿ ಹೆಡ್ ಬೋಲ್ಟ್ ಬಿಗಿದಾಗ ಎಳೆದುಕೊಳ್ಳುವ ಜಾತಿಯದು, ಎರಡನೇ ಸಲ ಹಾಕುವಂತಿಲ್ಲ. ಕೂಲೆಂಟ್ ಹೊಸದು. ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ), ವಾಲ್ವ್ ಸೀಟ್ ಕಟಿಂಗ್‌ಗೆ ಮಶೀನ್ ಶಾಪಿನವರು ಹೇಳಿದ ರೇಟನ್ನೇ ಬರೆಯುತ್ತೇವೆ, ಅವರ ರಸೀದಿ ಬಿಲ್ಲಿಗೆ ಪಿನ್ ಮಾಡಿಯೇ ಕೊಡುತ್ತೇವೆ. ಇಷ್ಟಾದರೂ "ಶಿವಮೊಗ್ಗದಲ್ಲಿ ಬೆಂಗಳೂರಿನ ರೇಟು" ಅನ್ನಿಸಿಕೊಳ್ಳುವುದು ಬೇಜಾರಿನ ವಿಷಯವೇ. ಆದರೆ ಹೆಡ್ ಕೆಲಸದಲ್ಲಿ ನಮ್ಮ ಹುಡುಗರು ಯಾವ ಊರಿನವರಿಗೂ ಕಡಿಮೆಯಿಲ್ಲ. ಅದನ್ನು ನೀವೇ ಹೇಳಿದ್ದೀರಿ, ಅಲ್ವಾ?

ನಮ್ಮಲ್ಲಿ ಈಗಾಗಲೇ ಕಿಟ್ ಹಾಕಿಸಿಕೊಂಡವರು ಹೆದರಬೇಕಿಲ್ಲ. ಒಂದು ಬೆಳಗ್ಗೆ ಗಾಡಿ ತನ್ನಿ. ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡಿ, ಸ್ಪ್ರಿಂಗ್ ಅಳೆದು ಹೇಳುತ್ತೇವೆ, ಅದಕ್ಕೆ ಕಾಸಿಲ್ಲ. ಬದಲಿಸಬೇಕಾದರೆ ಸಾಮಾನಿನ ದುಡ್ಡು ಮಾತ್ರ. ಅಳೆಯುವಾಗ ಪಕ್ಕದಲ್ಲೇ ನಿಂತು ನೋಡಿ. ತೆಗೆದ ಹಳೆಯ ಸಾಮಾನನ್ನು ಚೀಲದಲ್ಲಿ ಹಾಕಿ ನಿಮ್ಮ ಕೈಗೇ ಕೊಡುತ್ತೇವೆ.

ಇಂತಿ ನಿಮ್ಮ,
ಗ್ಯಾರೇಜಿನ ಎಲ್ಲರೂ
ಶಿವಮೊಗ್ಗ